ಡಿಸ್ಪೆನ್ಸರಿ ಮನೆ

ಕತಾರಿನ ಅಲ್ ರಯ್ಯಾನಿನಲ್ಲಿರುವ ನಮ್ಮ ಫ್ಲ್ಯಾಟಿನ ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಅಡುಗೆಮನೆಯ ಕಿಟಕಿ. ಅಲ್ಲಿರುವುದು ಕಿನ್ನಿಗೋಳಿ ಕಡೆಯ ಒಂದು ಕ್ರಿಶ್ಚಿಯನ್ ಕುಟುಂಬ. ಹಬ್ಬ ಹತ್ತಿರವಾದಾಗ ಅವರು ಇಡ್ಲಿಯಂಥ ಸಾನ್ನಕ್ಕೆಂದು ಅಕ್ಕಿ ರುಬ್ಬಿ, ಯೀಸ್ಟ್ ಬೆರೆಸಿ, ದೊಡ್ಡ ಪಾತ್ರೆಯಲ್ಲಿ ಮುಚ್ಚಿಡುತ್ತಾರೆ. ಹಿಟ್ಟು ಉಬ್ಬುತ್ತಾ ಬಂದಂತೆ ಒದ್ದೆ ಬ್ರೆಡ್ಡಿನಂಥ ಹುಳಿ ವಾಸನೆಯೊಂದು ನಡುವಿನ ಸಂದು ದಾಟಿ ನಮ್ಮ ಮನೆಯೊಳಗೆ ಬರುತ್ತದೆ. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಹೋದರೆ ನಾನು ಬೇಡ ಎನ್ನುತ್ತೇನೆ. ಅದು ನಾನು ಬೆಳೆದ ಮನೆಯ ವಾಸನೆ. ಆಗಸ್ಟಿನಲ್ಲಿ ಗಾಳಿ ನಿಂತು ಸಮುದ್ರದ ತೇವವೆಲ್ಲ ಗೋಡೆಗೆ ಅಂಟಿಕೊಂಡಾಗ ಆ ಮನೆಯ ನೆಲದಿಂದ ಇಂಥದೇ ವಾಸನೆ ಏಳುತ್ತಿತ್ತು. ಅದು ಹಳೆಯ ಔಷಧದ ವಾಸನೆ ಎಂದು ಉಪ್ಪ ಹೇಳಿದ್ದರು. ನಾವು ಅಪ್ಪನನ್ನು ಉಪ್ಪ ಎಂದೂ ಅಮ್ಮನನ್ನು ಉಮ್ಮ ಎಂದೂ ಕರೆಯುವ ಉಳ್ಳಾಲದ ಬ್ಯಾರಿಗಳು. ಉಪ್ಪ ಹೇಳಿದ್ದನ್ನು ನಾನೂ ನಂಬಿದ್ದೆ, ಉಮ್ಮನೂ ನಂಬಿದ್ದರು.

ಅಲ್ ಶಮಾಲಿನ ಕಡೆ, ಸಮುದ್ರದ ದಂಡೆಯಲ್ಲಿ, ಎಣ್ಣೆ ಹುಡುಕಲು ಬಂದ ಬ್ರಿಟಿಷರು ಒಂದು ಕಾಲದಲ್ಲಿ ಕಟ್ಟಿಕೊಂಡಿದ್ದ ಸಣ್ಣ ಕ್ಯಾಂಪ್ ಇತ್ತು. ಅವರು ಬಿಟ್ಟುಹೋದ ಮೇಲೆ ತಗಡಿನ ಶೆಡ್ಡುಗಳೆಲ್ಲ ಗಾಳಿಗೆ ಹಾರಿಹೋಗಿ, ಕಲ್ಲಿನ ಒಂದು ಕಟ್ಟಡ ಮಾತ್ರ ಉಳಿದಿತ್ತು. ಅದೇ ನಮ್ಮ ಮನೆ. ಈಗಿನವರು ಕತಾರ್ ಎಂದರೆ ಗಾಜಿನ ಗೋಪುರಗಳನ್ನು ಕಣ್ಣಮುಂದೆ ತಂದುಕೊಳ್ಳುತ್ತಾರೆ. ನನ್ನ ಕಣ್ಣಿಗೆ ಬರುವುದು ಆ ಉದ್ದನೆಯ, ತಗ್ಗಾದ, ಸುಣ್ಣ ಬಳಿದ ಮನೆ. ಗೋಡೆಗಳು ಸಮುದ್ರದಿಂದ ತೆಗೆದ ಹವಳದ ಕಲ್ಲಿನವು. ಎಷ್ಟು ದಪ್ಪವೆಂದರೆ ಕಿಟಕಿಯ ಹಲಗೆಯ ಮೇಲೆ ನಾನು ಕಾಲು ಮಡಚಿ ಮಲಗಬಹುದಿತ್ತು. ಆದರೆ ಅಲ್ಲಿಗೆ ಹತ್ತಲು ಏಣಿ ಬೇಕು, ಏಕೆಂದರೆ ಕಿಟಕಿಗಳೆಲ್ಲ ದೊಡ್ಡವರ ತಲೆಗಿಂತ ಮೇಲಿದ್ದವು, ಸಾಲಾಗಿ, ಸಣ್ಣದಾಗಿ. ಮಾಡಿಗೆ ಕಾಂಡ್ಲಾ ಮರದ ಗಳು ಹಾಯಿಸಿ ಅದರ ಮೇಲೆ ಚಾಪೆ, ಚಾಪೆಯ ಮೇಲೆ ಮಣ್ಣು. ಮುಂದೆ ಕಮಾನುಗಳ ಜಗಲಿ. ಬಾಗಿಲಿನಲ್ಲಿ ಎರಡೂ ಕಡೆಗೆ ತೂಗುವ ಅರ್ಧ ಎತ್ತರದ ಜೋಡಿ ಹಲಗೆಗಳು, ಒಳಗೆ ಹೋದರೂ ಹೊರಗೆ ಬಂದರೂ ನಮ್ಮ ಹಿಂದೆ ಸ್ವಲ್ಪ ಹೊತ್ತು ತೂಗಾಡಿ ನಿಲ್ಲುತ್ತಿದ್ದವು.

ಒಳಗೆ ಒಂದೇ ದೊಡ್ಡ ಹಜಾರ. ಅದರ ಒಂದು ಬದಿಯಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ತೇಗದ ಮರದ ಕೌಂಟರು, ಕೆಳಗೆ ಕಾಲಿಡಲು ಹಿತ್ತಾಳೆಯ ಸರಳು. ಕೌಂಟರಿನ ಹಿಂದೆ ಕಪಾಟುಗಳು, ಕಪಾಟಿನ ಅಡಿಯಲ್ಲಿ ಸಾಲು ಕೊಕ್ಕೆಗಳು. ಉಮ್ಮ ಕೌಂಟರಿನ ಮೇಲೆ ತರಕಾರಿ ಹೆಚ್ಚುತ್ತಿದ್ದರು, ಕೊಕ್ಕೆಗಳಿಗೆ ಈರುಳ್ಳಿ ಗೊಂಚಲು, ಸೌಟು, ನನ್ನ ಫ್ರಾಕುಗಳನ್ನು ನೇತುಹಾಕುತ್ತಿದ್ದರು. ಹಿಂಬದಿಯಲ್ಲಿ ಕೆಲವು ಮೆಟ್ಟಿಲಿಳಿದರೆ ತಂಪು ಕೋಣೆ. ಅದರ ಗೋಡೆ ಎರಡು ಪದರದ್ದು, ನಡುವೆ ಮರದ ಹೊಟ್ಟು ತುಂಬಿದ್ದರಂತೆ. ನೆಲ ಮೂಲೆಯ ಕಡೆಗೆ ಇಳಿಜಾರಾಗಿ, ನೀರು ಹೋಗಲು ಒಂದು ಕಾಲುವೆ. ಹಿತ್ತಲಿನಿಂದ ಆ ಕೋಣೆಗೆ ನೇರ ಬರಲು ಅಗಲವಾದ ಕುಳ್ಳು ಬಾಗಿಲು, ಬಾಗಿಲಿಗೆ ಇಳಿಜಾರಿನ ಕಲ್ಲುಹಾಸು, ಹಾಸಿನಲ್ಲಿ ಸವೆದ ಎರಡು ಗೆರೆಗಳು. ಹೊರಗೆ ಕಾದ ಹಂಚಿನಂಥ ಬಿಸಿಲಿದ್ದಾಗಲೂ ಅಲ್ಲಿ ಬರಿಗಾಲಿಗೆ ತಣ್ಣಗೆ. ಉಮ್ಮ ನಮಾಜಿನ ಚಾಪೆ ಹಾಸುತ್ತಿದ್ದದ್ದು ಅಲ್ಲೇ. ಬೆಳಗಿನಿಂದ ರಾತ್ರಿಯ ಇಶಾದವರೆಗೆ ಅಲ್ಲೇ.

ಈ ಮನೆ ಹಿಂದೆ ಕ್ಯಾಂಪಿನ ಡಿಸ್ಪೆನ್ಸರಿಯಾಗಿತ್ತು ಎಂಬುದು ಉಪ್ಪ ನಮಗೆ ಹೇಳಿದ ಚರಿತ್ರೆ. ನನಗೆ ಅದು ದಿನವೂ ಕೇಳುವ ಕಥೆ. ವಿಲ್ಸನ್ ಡಾಕ್ಟರ್ ಎಂಬವರು ಕೌಂಟರಿನ ಹಿಂದೆ ನಿಲ್ಲುತ್ತಿದ್ದರಂತೆ. ಮಕ್ಕಳು ನಾಲಗೆ ತೋರಿಸಲು ಹಿತ್ತಾಳೆಯ ಸರಳಿನ ಮೇಲೆ ಹತ್ತಿ ನಿಲ್ಲಬೇಕಿತ್ತಂತೆ. ಕೌಂಟರಿನ ಮರದಲ್ಲಿ ಮಾಸಿದ ಉಂಗುರಗಳಿದ್ದವಲ್ಲ, ಅವು ಔಷಧದ ಬಾಟಲಿ ಇಟ್ಟ ಗುರುತು. ಕಿಟಕಿ ಮೇಲಿದ್ದದ್ದು ರೋಗಿಗಳಿಗೆ ಧೂಳು ತಾಗದಿರಲೆಂದು. ತೂಗುವ ಬಾಗಿಲು, ನರ್ಸಿನ ಎರಡೂ ಕೈಯಲ್ಲಿ ಸಾಮಾನಿದ್ದರೆ ಭುಜದಿಂದ ತಳ್ಳಲೆಂದು. ಹಿತ್ತಲಿನ ಕಲ್ಲುಹಾಸು ಸ್ಟ್ರೆಚರ್ ಇಳಿಸಲು, ತಂಪು ಕೋಣೆಯ ಕಾಲುವೆ ಗಾಯ ತೊಳೆದ ನೀರು ಹೋಗಲು. ಮನೆಯ ಯಾವ ಮೂಲೆಯನ್ನು ತೋರಿಸಿ ಕೇಳಿದರೂ ಉಪ್ಪನ ಬಳಿ ಉತ್ತರವಿತ್ತು, ಆ ಉತ್ತರದಲ್ಲಿ ವಿಲ್ಸನ್ ಡಾಕ್ಟರ್ ಇದ್ದರು. ನಾನು ಅವರ ಜೊತೆಗೇ ಬೆಳೆದೆ. ಸರಳಿನ ಮೇಲೆ ನಿಂತು ಕಾಣದ ಡಾಕ್ಟರಿಗೆ ನಾಲಗೆ ತೋರಿಸುತ್ತಿದ್ದೆ. ಜ್ವರ ಬಂದಾಗ ಅವರು ಹಣೆ ಮುಟ್ಟಿದಂತೆ ಅನ್ನಿಸುತ್ತಿತ್ತು. ನಿಮಗೂ ಬಾಲ್ಯದಲ್ಲಿ ಇಂಥ ಒಬ್ಬರು ಇದ್ದಿರಬಹುದು, ನೋಡಿರದಿದ್ದರೂ ಮನೆಯವರಂತೆ ಇದ್ದವರು.

ಉಪ್ಪ ಒಬ್ಬ ಕಂಟ್ರಾಕ್ಟರನ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಪೈಪು, ಕೇಬಲ್ಲು, ಸಿಮೆಂಟು ಕಾಯುವ ಕೆಲಸ. ಅವರ ದರ್ಜೆಯವರಿಗೆ ಕುಟುಂಬ ಇಟ್ಟುಕೊಳ್ಳಲು ಮನೆ ಕೊಡುತ್ತಿರಲಿಲ್ಲ. ಮದುವೆಯಾಗಿ ಒಂದು ರಜೆ ಕಳೆದು ಬಂದವರು ವರ್ಷಗಟ್ಟಲೆ ಉಮ್ಮನನ್ನು ಬಿಟ್ಟು ಬ್ಯಾಚುಲರ್ ರೂಮಿನಲ್ಲಿದ್ದರು. ಕೊನೆಗೆ ಕಂಟ್ರಾಕ್ಟರನಿಗೆ ಜಾಮೀನು ನಿಂತಿದ್ದ ಕಫೀಲ್, ಹಳೆಯ ಕಾಲದ ಒಬ್ಬ ಅರಬ್ಬಿ ಯಜಮಾನರು, ಖಾಲಿ ಬಿದ್ದಿದ್ದ ಈ ಕಟ್ಟಡ ನೋಡಿಕೊಂಡಿದ್ದರೆ ಅಲ್ಲೇ ಇರಬಹುದು ಎಂದರಂತೆ. ಉಮ್ಮ ಬಂದರು, ಮರುವರ್ಷ ನಾನು ಹುಟ್ಟಿದೆ.

ಆ ಕಟ್ಟಡದೊಂದಿಗೆ ಒಬ್ಬರು ಹಿರಿಯರೂ ನಮಗೆ ಸಿಕ್ಕಿದ್ದರು. ಹಿತ್ತಲಿನ ಸಣ್ಣ ರೂಮಿನಲ್ಲಿದ್ದ ಲಾರೆನ್ಸ್. ಬಂಟ್ವಾಳ ಕಡೆಯವರು, ಹೆಂಡತಿ ಮಕ್ಕಳಿಲ್ಲ. ಬ್ರಿಟಿಷರ ಕಾಲದಿಂದ ಅಲ್ಲೇ ಇದ್ದು, ಅವರು ಹೋದ ಮೇಲೂ ಊರಿಗೆ ಹೋಗದೆ ವಾಚ್‌ಮನ್ ಆಗಿ ಉಳಿದವರು. ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುತ್ತಾರೆ. ಉಮ್ಮ ಹಾಗೆಯೇ ಕರೆಯುತ್ತಿದ್ದರು, ನನಗೆ ಅವರು ಪೊರ್ಬು ಮಾಮ. ಡಿಸ್ಪೆನ್ಸರಿಯ ಕಂಪೌಂಡರ್ ಆಗಿದ್ದವರು ಎಂದು ಉಪ್ಪ ಪರಿಚಯಿಸಿದ್ದರು. ಕೌಂಟರಿನ ಹಿಂದೆ ಅವರು ನಿಂತರೆ ಹೌದೆನ್ನಿಸುತ್ತಿತ್ತು. ಬೆನ್ನು ನೆಟ್ಟಗೆ, ಹೆಗಲ ಮೇಲೆ ಮಡಚಿದ ಬಿಳಿ ಬಟ್ಟೆ. ಗ್ಲಾಸನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸುವರು. ನನಗೆ ರೂಹಫ್ಜಾ ಶರಬತ್ತು ಮಾಡಿಕೊಡುವಾಗಲೂ ಸಣ್ಣ ಅಳತೆಯ ಲೋಟದಲ್ಲಿ ಅಳೆದು, ಒಂದು ಹನಿ ಚೆಲ್ಲದೆ ಸುರಿಯುವರು. ಶಾಲೆ ದೂರವಿದ್ದುದರಿಂದ ನನ್ನ ಓದೆಲ್ಲ ಮನೆಯಲ್ಲೇ. ಕನ್ನಡ ಉಮ್ಮ ಕಲಿಸಿದರು. ಇಂಗ್ಲಿಷ್ ಕಲಿಸಿದ್ದು ಪೊರ್ಬು ಮಾಮ. ಹಾಲಿನ ಪುಡಿ, ಟೊಮೆಟೊ, ಸಾರ್ಡಿನ್ ಮೀನಿನ ಡಬ್ಬಿಗಳನ್ನು ಕೌಂಟರಿನ ಮೇಲೆ ಸಾಲಾಗಿ ಇಟ್ಟು ಅಕ್ಷರ ಓದಿಸುತ್ತಿದ್ದರು. ಉಮ್ಮ ಅಕ್ಕಿ ಆರಿಸುತ್ತಾ ಪಕ್ಕದಲ್ಲಿ ಕೂತಿರುತ್ತಿದ್ದರು. ನನಗಿಂತ ಮೊದಲು ಅವರೇ ಇಂಗ್ಲಿಷ್ ಓದಲು ಕಲಿತರು.

ನಾನು ಐದಾರು ವರ್ಷದವಳಾಗಿದ್ದಾಗ ನನಗೊಬ್ಬ ತಮ್ಮ ಹುಟ್ಟಿದ. ಮನೆಗೆ ತಂದ ಕೆಲವೇ ದಿನದಲ್ಲಿ ಹಾಲು ಬಿಟ್ಟ. ಉಪ್ಪ ಪಿಕಪ್ ಹೊರಡಿಸಿಕೊಂಡು ಬರುವಷ್ಟರಲ್ಲಿ ಉಮ್ಮನ ಮಡಿಲಲ್ಲೇ ತಣ್ಣಗಾದ. ಅವನನ್ನು ಮೀಯಿಸಿದ್ದು ತಂಪು ಕೋಣೆಯಲ್ಲಿ. ಮೀಯಿಸಿದ ನೀರು ಆ ಕಾಲುವೆಯಲ್ಲಿ ಹರಿದುಹೋದದ್ದನ್ನು ನಾನು ಮೆಟ್ಟಿಲ ಮೇಲಿಂದ ನೋಡಿದೆ. ಹಳ್ಳಿಯ ಮಸೀದಿಯವರು ಬಂದು ಅವನನ್ನು ಕರೆದೊಯ್ದ ಮೇಲೆ ಉಮ್ಮ ಆ ನೆಲದ ಮೇಲೇ ಕೂತಿದ್ದರು. ಎಷ್ಟೋ ಜನ ಇಲ್ಲಿ ಗುಣವಾಗಿ ಎದ್ದು ಹೋಗಿದ್ದಾರೆ, ನನ್ನ ಮಗನಿಗೆ ಮಾತ್ರ ಆಗಲಿಲ್ಲ, ಅಲ್ಲಾಹನ ತೀರ್ಮಾನ ಎಂದು ಅವರು ಉಪ್ಪನಿಗೆ ಹೇಳಿದರು. ಉಪ್ಪ ಅವರ ತಲೆಯ ಮೇಲೆ ಕೈಯಿಟ್ಟು ನಿಂತಿದ್ದರು. ಆ ದಿನದ ಮೇಲೆ ಉಮ್ಮನಿಗೆ ಆ ಕೋಣೆ ಬರೀ ತಂಪಿನ ಜಾಗವಾಗಿ ಉಳಿಯಲಿಲ್ಲ. ನಮಾಜು ಮುಗಿದರೂ ಎಷ್ಟೋ ಹೊತ್ತು ಅಲ್ಲೇ ಕೈಯೆತ್ತಿ ಕೂತಿರುತ್ತಿದ್ದರು.

ಇನ್ನೂ ಕೆಲವು ವರ್ಷ ಕಳೆದವು. ಒಂದು ಚಳಿಗಾಲ, ಕಟ್ಟಡ ನೋಡಲು ಯಾರೋ ದೊಡ್ಡವರು ಬರುತ್ತಾರೆಂದು ಕಂಟ್ರಾಕ್ಟರ್ ಇಬ್ಬರು ಮಲಯಾಳಿ ಪೇಂಟರ್‌ಗಳನ್ನು ಕಳಿಸಿದ. ಉಪ್ಪ ಸಾಮಾನು ತರಲು ದೋಹಾಕ್ಕೆ ಹೋಗಿದ್ದರು, ಪೊರ್ಬು ಮಾಮ ಮೀನಿಗೆಂದು ದಂಡೆಗೆ ಹೋಗಿದ್ದರು. ಪೇಂಟರ್‌ಗಳು ಕೌಂಟರಿನ ಹಿಂದಿನ ಕಪಾಟು ಸರಿಸಿ, ಗೋಡೆಯ ಮೇಲೆ ಹಪ್ಪಳಿಕೆಯಾಗಿ ಎದ್ದಿದ್ದ ಹಳೆಯ ಸುಣ್ಣವನ್ನು ಕೆರೆಯತೊಡಗಿದರು. ಸುಣ್ಣದ ಕೆಳಗಿನಿಂದ ಮೊದಲು ಹಸಿರು ಎಲೆಗಳು ಬಂದವು. ಆಮೇಲೆ ಕಂದು ಬಣ್ಣದ ದೊಡ್ಡದೊಂದು ಮಗ್ಗು, ಅದರ ಬಾಯಿಯಿಂದ ಬಿಳಿ ನೊರೆ ಉಕ್ಕಿ ಬದಿಗೆ ಇಳಿಯುತ್ತಿತ್ತು. ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳು. ಉಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದು ನಿಂತು ಒಂದೊಂದಾಗಿ ಓದಿದರು. ಎ, ಎಲ್, ಇ. ಮುಂದಿನ ಶಬ್ದ ಹೌಸ್ ಎಂದು ಅವರಿಗೆ ತಿಳಿಯಿತು, ಮೊದಲಿನದು ತಿಳಿಯಲಿಲ್ಲ. ಏಲ್ ಅಂದರೆ ಏನು ಎಂದು ಪೇಂಟರನ್ನು ಕೇಳಿದರು. ಅವನು ನಕ್ಕು, ಬಿಯರು ಚೇಚಿ, ಬ್ರಿಟಿಷರ ಬಿಯರು, ಇದು ಅವರ ಕುಡಿಯುವ ಮನೆಯಾಗಿತ್ತು ಎಂದ. ಕಂಟ್ರಾಕ್ಟರನ ಹಳಬ ಕೆಲಸದವರಿಗೆಲ್ಲ ಅದು ಗೊತ್ತಿದ್ದ ಸಂಗತಿಯೇ ಎಂಬಂತೆ ಅವನು ಹೇಳಿದ.

ಉಮ್ಮ ಕೌಂಟರಿನ ಮೇಲಿದ್ದ ಉಂಗುರಗಳ ಮೇಲೆ ಕೈಯಾಡಿಸಿದರು. ಕೊಕ್ಕೆಗಳನ್ನು ನೋಡಿದರು, ಒಂದೊಂದೂ ಮಗ್ಗಿನ ಹಿಡಿಗೆ ಸರಿಯಾಗುವಷ್ಟೇ ದೊಡ್ಡದಿತ್ತು. ಮೇಲಿನ ಕಿಟಕಿಗಳನ್ನು ನೋಡಿದರು. ಊರಿನವರ ಕಣ್ಣಿಗೆ ಒಳಗಿನದು ಬೀಳದಿರಲೆಂದೇ ಅವುಗಳನ್ನು ಅಷ್ಟು ಮೇಲಿಟ್ಟಿದ್ದರೆಂದು ನನಗೂ ಆಗ ಹೊಳೆಯಿತು. ಆಮೇಲೆ ಹಿತ್ತಲಿಗೆ ಹೋಗಿ ಕಲ್ಲುಹಾಸಿನ ಗೆರೆಗಳ ಬಳಿ ನಿಂತರು. ಅವು ಸ್ಟ್ರೆಚರಿನವಲ್ಲ, ಪೀಪಾಯಿ ಉರುಳಿಸಿ ಸವೆದವು. ಕೊನೆಗೆ ತಂಪು ಕೋಣೆಗೆ ಇಳಿದು, ಮಡಚಿಟ್ಟಿದ್ದ ನಮಾಜಿನ ಚಾಪೆಯನ್ನು ಎತ್ತಿಕೊಂಡು ಮೇಲೆ ಬಂದರು. ನಾನು ಆ ಇಳಿಜಾರು ನೆಲವನ್ನೂ, ಚೆಲ್ಲಿದ ಬಿಯರು ಹರಿದುಹೋಗುತ್ತಿದ್ದ ಕಾಲುವೆಯನ್ನೂ ನೋಡುತ್ತಾ ನಿಂತಿದ್ದೆ. ಒಂದು ಮನೆಯ ಗೋಡೆ ಬಾಗಿಲುಗಳೆಲ್ಲ ಇದ್ದಲ್ಲೇ ಇದ್ದು ಮನೆ ಮಾತ್ರ ಬೇರೆಯಾಗಿಬಿಡುವುದನ್ನು ನಾನು ಕಂಡದ್ದು ಅಂದೇ.

ಸಂಜೆ ಉಪ್ಪ ಬಂದಾಗ ಉಮ್ಮ ಜಗಲಿಯ ಕಮಾನಿನ ಕೆಳಗೆ, ಗಾಳಿಗೆ ಹಾರುತ್ತಿದ್ದ ಚಾಪೆಯ ತುದಿಗೆ ಕಲ್ಲಿಟ್ಟು ಮಗ್ರಿಬ್ ನಮಾಜು ಮುಗಿಸುತ್ತಿದ್ದರು. ಉಪ್ಪ ಒಳಗೆ ಹೋಗಿ ಗೋಡೆ ನೋಡಿ ಹೊರಗೆ ಬಂದರು. ನಾನು ಅವರ ಅಂಗಿ ಹಿಡಿದು, ಡಾಕ್ಟರ್ ಇರಲೇ ಇಲ್ಲವಾ ಎಂದು ಕೇಳಿದೆ. ಅವರು ನನ್ನತ್ತ ನೋಡಲಿಲ್ಲ. ಉಮ್ಮನ ಎದುರು ಕುಕ್ಕರಗಾಲಲ್ಲಿ ಕೂತು ಹೇಳಿದರು, "ಮಸೀದಿಯಲ್ಲಿ ಬಾಂಗ್ ಕೊಡುವ ಮುಕ್ರಿಯ ಮಗಳು ನೀನು. ಇದು ಶರಾಬಿನ ಮನೆ ಅಂತ ಹೇಳಿದ್ರೆ ನಿನ್ನ ಉಪ್ಪ ನಿನ್ನನ್ನು ಕಳಿಸ್ತಿದ್ರಾ ನೆಬಿಸಾ? ನನಗೆ ಬೇರೆ ಮನೆ ಸಿಗ್ತಿರ್ಲಿಲ್ಲ."

ಉಮ್ಮ ಚಾಪೆ ಮಡಚಿದರು.

"ಅದು ಮೊದಲಿನ ಮಾತಾಯ್ತು," ಎಂದರು. "ಮಗುವನ್ನು ಮೀಯಿಸುವಾಗ ಹೇಳ್ಬಹುದಿತ್ತಲ್ಲ. ನಾನು ಅಲ್ಲಿ ಕೂತು ಏನೆಲ್ಲ ಮಾತಾಡಿದೆ. ನೀವು ಕೇಳ್ತಾ ನಿಂತಿದ್ರಿ."

ಆ ಮನೆಯ ಬಗ್ಗೆ ಉಪ್ಪನಿಗೆ ಉತ್ತರ ಹೊಳೆಯದೆ ಹೋದದ್ದನ್ನು ನಾನು ಮೊದಲ ಸಲ ನೋಡಿದೆ.

ಮರುದಿನ ಬೆಳಿಗ್ಗೆ ಪೊರ್ಬು ಮಾಮ ಬಾಗಿಲ ಹೊರಗೇ ನಿಂತರು. ಯಾವತ್ತೂ ಹಾಗೆ ಹೊರಗೆ ನಿಂತವರಲ್ಲ. ಉಮ್ಮ ಅವರ ಜೊತೆ ತುಳುವಿನಲ್ಲಿ ಮಾತಾಡುತ್ತಿದ್ದರು, ಅಂದೂ ತುಳುವಿನಲ್ಲೇ, ದನಿಯೆತ್ತದೆ ಕೇಳಿದರು, "ಪೊರ್ಬುಗಳೇ, ನನಗೆ ಇಂಗ್ಲಿಷ್ ಓದ್ಲಿಕ್ಕೆ ಕಲಿಸಿದ್ದು ನೀವೇ. ಇದೊಂದು ಮಾತು ಹೇಳ್ಲಿಕ್ಕೆ ನಿಮಗೆ ಬಾಯಿ ಬರ್ಲಿಲ್ವಾ?"

"ನಿನ್ನ ಗಂಡ ನನ್ನ ಕೈ ಹಿಡಿದು ಕೇಳಿಕೊಂಡಿದ್ದ ತಂಗಿ," ಎಂದರು ಅವರು. ಹೆಗಲ ಮೇಲಿನ ಬಟ್ಟೆ ಕೈಗೆ ತೆಗೆದುಕೊಂಡು ಮತ್ತೆ, "ಬರೀ ಅವನಿಗೋಸ್ಕರ ಅಂತ ಹೇಳಿದ್ರೆ ಸುಳ್ಳಾಗ್ತದೆ. ನೀವು ಬಂದ ಮೇಲೆ ಈ ಮನೆಯಲ್ಲಿ ಅನ್ನ ಬೇಯುವ ಪರಿಮಳ ಬಂತು. ಅದು ಹೋಗುವುದು ನನಗೂ ಬೇಡ ಇತ್ತು." ವಿಲ್ಸನ್ ಎಂಬ ಹೆಸರಿನವರು ಇದ್ದದ್ದು ನಿಜ, ಅವರು ಅಲ್ಲಿನ ಮ್ಯಾನೇಜರ್, ಮಕ್ಕಳೆಂದರೆ ಪ್ರೀತಿ ಎಂದೂ ಅವರು ನನಗೆ ಹೇಳಿದರು. ಸಮಾಧಾನ ಮಾಡಲೆಂದೇ ಹೇಳಿದ್ದಿರಬೇಕು. ಆದರೆ ಅಷ್ಟು ಹೊತ್ತಿಗೆ ನಾನು ಯಾವ ವಿಲ್ಸನರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಹಿತ್ತಾಳೆಯ ಸರಳಿನ ಮೇಲೆ ನಿಂತು ಇಷ್ಟು ವರ್ಷ ನಾಲಗೆ ತೋರಿಸಿದ್ದು ನೆನಪಾಗಿ ನಾಚಿಕೆಯಿಂದ ಮುಖ ಸುಡುತ್ತಿತ್ತು. ದೊಡ್ಡವರಿಬ್ಬರು ನನ್ನನ್ನು ನೋಡಿ ಹಿಂದಿನಿಂದ ನಕ್ಕಿರಬೇಕು ಎಂದು ಅನ್ನಿಸಿತು. ಈಗ ಯೋಚಿಸಿದರೆ ಅವರು ನಕ್ಕಿರಲಾರರು. ಆದರೂ ಆ ಅನ್ನಿಸಿಕೆ ನನ್ನನ್ನು ಬಿಟ್ಟು ಹೋಗಿಲ್ಲ. ಇಂದಿಗೂ ಯಾರಾದರೂ ಒಂದು ಹಳೆಯ ಕಟ್ಟಡ ತೋರಿಸಿ ಇಲ್ಲಿ ಇಂಥದಿತ್ತು ಎಂದರೆ ಮೊದಲು ನಾನು ಹೇಳುವವರ ಮುಖ ನೋಡುತ್ತೇನೆ.

ಪೇಂಟರ್‌ಗಳು ಗೋಡೆಗೆ ಮತ್ತೆ ಬಿಳಿ ಬಣ್ಣ ಬಳಿದು ಹೋದರು. ಉಮ್ಮ ಜಗಳವಾಡಲಿಲ್ಲ. ಅಡುಗೆ ಮಾಡಿದರು, ಉಪ್ಪನ ಬಟ್ಟೆ ಒಗೆದರು, ನಮಾಜಿಗೆ ಮಾತ್ರ ಜಗಲಿಗೆ ಹೋಗುತ್ತಿದ್ದರು, ಧೂಳುಗಾಳಿ ಬೀಸಿದರೂ. ಬೇಸಗೆಯಲ್ಲಿ ಪ್ರತಿ ಸಲದಂತೆ ಊರಿಗೆ ಹೊರಟೆವು. ಏರ್‌ಪೋರ್ಟಿನಲ್ಲಿ ಉಪ್ಪ ರಜೆ ಮುಗಿಯುವ ಮೊದಲು ಟಿಕೆಟ್ ಕಳಿಸುತ್ತೇನೆ ಎಂದರು. ಉಮ್ಮ ತಲೆಯಾಡಿಸಿದರು. ಟಿಕೆಟ್ ಬಂತು. ಉಮ್ಮ ಹೋಗಲಿಲ್ಲ. ಮಗಳ ಶಾಲೆಯ ನೆಪ ಹೇಳಿದರು, ಅದನ್ನೇ ಊರೆಲ್ಲ ನಂಬಿತು. ನಿಜವಾದ ಕಾರಣವನ್ನು ಅವರು ತಮ್ಮ ತಾಯಿಗೂ ಹೇಳಲಿಲ್ಲ. ಹೇಳಿದ್ದರೆ ಉಪ್ಪ ಜಮಾತಿನಲ್ಲಿ ತಲೆಯೆತ್ತಿ ಓಡಾಡುವಂತಿರಲಿಲ್ಲ. ಗಂಡನ ಮಾನ ಕಾಯುತ್ತಲೇ ಗಂಡನಿಂದ ದೂರ ಉಳಿದ ಹೆಂಗಸು ನನ್ನ ಉಮ್ಮ.

ಉಪ್ಪ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಸೆಂಟು, ಟಾರ್ಚು, ಬಾದಾಮಿ, ನನಗೆ ಬಟ್ಟೆ. ಉಮ್ಮ ಅವರಿಗೆ ಇಷ್ಟವೆಂದು ಅಕ್ಕಿ ಹಿಟ್ಟಿನ ಪತ್ತಿರಿ ತಟ್ಟುತ್ತಿದ್ದರು, ಎದುರು ಕೂತು ಬಡಿಸುತ್ತಿದ್ದರು. ಇಬ್ಬರೂ ಮರ್ಯಾದೆಯಿಂದ ಮಾತಾಡುತ್ತಿದ್ದರು, ನೆಂಟರ ಮನೆಯಲ್ಲಿ ಮಾತಾಡುವ ಹಾಗೆ. ನಾವಿಲ್ಲದ ಮೇಲೆ ಉಪ್ಪ ಆ ಮನೆ ಬಿಟ್ಟು ಮತ್ತೆ ಬ್ಯಾಚುಲರ್ ರೂಮಿಗೆ ಹೋಗಿದ್ದರು. ಪೊರ್ಬು ಮಾಮ ಊರಿಗೆ ಮರಳಿ ಬಂಟ್ವಾಳದಲ್ಲಿ ತೀರಿಕೊಂಡರೆಂದು ಅವರೇ ಒಮ್ಮೆ ಹೇಳಿದರು. ಉಮ್ಮ ಆ ದಿನ ಊಟ ಮಾಡಲಿಲ್ಲ. ನನ್ನ ಮದುವೆಯಾಗಿ ನಾನು ಗಂಡನ ಜೊತೆ ಇಲ್ಲಿಗೆ ಬಂದ ಮೇಲೆ ಉಪ್ಪ ಶುಕ್ರವಾರಗಳಲ್ಲಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಆ ಮನೆಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ಶುಕ್ರವಾರ ಬರಲಿಲ್ಲ. ರೂಮಿನವರು ಆಸ್ಪತ್ರೆಗೆ ಕರೆದೊಯ್ದಿದ್ದರು, ಹೃದಯ ಆಗಲೇ ನಿಂತಿತ್ತು. ದೋಹಾದಲ್ಲೇ ದಫನ ಮಾಡಿದೆವು. ಉಳ್ಳಾಲದಲ್ಲಿ ಉಮ್ಮ ಬಿಳಿಯುಟ್ಟು ಗಂಡ ತೀರಿದವರು ಪಾಲಿಸುವ ಇದ್ದತ್ ಕೂತರು, ಮುಗಿಯುವವರೆಗೂ ಹೊಸ್ತಿಲಿನ ಹೊರಗೆ ಕಾಲಿಡಲಿಲ್ಲ.

ಕಳೆದ ಚಳಿಗಾಲದಲ್ಲಿ ರಾಸ್ ಲಫಾನಿನ ಕೆಲಸದಿಂದ ಗಂಡನಿಗೆ ಎರಡು ದಿನ ಬಿಡುವು ಸಿಕ್ಕಾಗ ಉತ್ತರದ ಕಡೆ ಹೋದೆವು. ದಾರಿ ಕೇಳಬೇಕಾಗಲಿಲ್ಲ, ಸಮುದ್ರ ತಿರುಗುವ ಜಾಗ ನನಗೆ ಗೊತ್ತಿತ್ತು. ತಂತಿ ಬೇಲಿಯೊಳಗೆ ಮನೆಯ ಮಾಡು ಕುಸಿದು, ಜಗಲಿಯ ಎರಡು ಕಮಾನು ಮಾತ್ರ ನಿಂತಿದ್ದವು. ತೇಗದ ಕೌಂಟರನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಎರಡು ಪದರದ ಗೋಡೆ ಒಡೆದು ಒಳಗಿನ ಹೊಟ್ಟು ಮರಳಿಗೆ ಬೆರೆತಿತ್ತು. ಕಾವಲಿಗಿದ್ದ ನೇಪಾಳಿ ಹುಡುಗ ಬಂದು ಒಳಗೆ ಹೋಗುವ ಹಾಗಿಲ್ಲ ಎಂದ. ಇದೇನು ಕಟ್ಟಡ ಎಂದು ಗಂಡ ಹಿಂದಿಯಲ್ಲಿ ಕೇಳಿದರು. ಅವನು ಭುಜ ಕುಣಿಸಿದ. "ಮಾಲೂಮ್ ಮಾಫಿ, ಗೊತ್ತಿಲ್ಲ. ಮುಂದಿನ ತಿಂಗಳು ಕೆಡವಿ ಖಲಾಸ್," ಎಂದ.

ಅಲ್ಲಿಂದಲೇ ಉಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಮಾಡಬಾರದಿತ್ತೋ ಏನೋ. ಉಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎಷ್ಟೋ ಹೊತ್ತು ನೋಡಿದರು. ಕಮಾನು ತೋರಿಸು ಎಂದರು, ತೋರಿಸಿದೆ. ತಂಪು ಕೋಣೆ ಕಾಣುತ್ತದಾ ಎಂದರು, ಬೇಲಿಯ ಹೊರಗಿನಿಂದ ಕಾಣುತ್ತಿರಲಿಲ್ಲ. ಆಗ ನಾನು, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ. ಉಪ್ಪ ಮೊದಲೇ ನಿಜ ಹೇಳಿದ್ದರೆ ನೀವು ಬರುತ್ತಲೇ ಇರಲಿಲ್ಲ, ಅಲ್ಲವಾ ಉಮ್ಮ?

"ಬರ್ತಿದ್ದೆ," ಎಂದರು ಉಮ್ಮ. ಯೋಚಿಸಲೇ ಇಲ್ಲ. "ನನ್ನ ಉಪ್ಪನ ಹತ್ರ ಇದನ್ನು ಹೇಳದೆ ಬರ್ತಿದ್ದೆ. ಮನೆಯನ್ನು ಏಳು ನೀರಲ್ಲಿ ತೊಳೆದು ಮೌಲೂದ್ ಓದಿಸಿ ಇರ್ತಿದ್ದೆ. ಮದುವೆಯಾಗಿ ಅಷ್ಟು ವರ್ಷ ಒಬ್ಳೇ ಇದ್ದವಳು ಮಾರಾಯ್ತಿ ನಾನು. ನಾನು ಬರುವುದಿಲ್ಲ ಅಂತ ಅವರೇ ತೀರ್ಮಾನ ಮಾಡಿಬಿಟ್ರು. ನನ್ನನ್ನು ಒಂದು ಮಾತು ಕೇಳ್ಲಿಲ್ಲ."

ಆಮೇಲೆ ಬಿಸಿಲಲ್ಲಿ ನಿಲ್ಲಬೇಡ, ತಲೆಗೆ ಬಟ್ಟೆ ಹಾಕಿಕೋ ಎಂದು ಹೇಳಿ ಫೋನ್ ಇಟ್ಟರು. ಗಂಡ ಕಾರಿನ ಬಳಿ ಕಾಯುತ್ತಿದ್ದರು. ನಾನು ಬೇಲಿ ಹಿಡಿದು ಇನ್ನೂ ಸ್ವಲ್ಪ ಹೊತ್ತು ನಿಂತೆ. ಒಂದು ಸುಳ್ಳು ಕಟ್ಟಿಕೊಟ್ಟ ಮನೆಯಲ್ಲಿ ನಾನು ಸುಖವಾಗಿ ಬೆಳೆದೆ, ಅದೇ ಸುಳ್ಳು ಆ ಮನೆಯನ್ನು ಕೆಡವಿತು. ಅದಕ್ಕಾಗಿ ಉಪ್ಪನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಇನ್ನೂ ಹೋಗಿಲ್ಲ, ಹೋಗುವುದೂ ಇಲ್ಲವೇನೋ. ಆದರೆ ಅಂದು ಅಲ್ಲಿ ನಿಂತಾಗ ಅವರಿಗಾಗಿಯೇ ಅಳು ಬಂತು. ಹೆಂಡತಿಯನ್ನು ಕಳೆದುಕೊಳ್ಳುವ ಹೆದರಿಕೆಯಲ್ಲಿ ಅವರು ಅಷ್ಟು ಕಾಲ ಬದುಕಿದರು, ಅವಳು ಹೇಗೂ ಬರುವವಳೇ ಆಗಿದ್ದಳು. ಈಗ ಇದನ್ನು ಅವರಿಗೆ ಹೇಳೋಣವೆಂದರೆ ಅವರಿಲ್ಲ.